ಹಳೆ ಟೇಪಿನ ಕೈಮಾತು, ತಂತಿ ಅಕ್ಕನ ಸಿಟ್ಟು

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ತಂತಿ ಅಕ್ಕ ಮೇಜಿನ ಕೆಳಗೆ ಮಂಡಿಯೂರಿ ಬೈಯುತ್ತಿದ್ದಾರೆ. ಯಾರನ್ನು ಎಂದರೆ, ಸದ್ಯಕ್ಕೆ ಕಂಪ್ಯೂಟರನ್ನು.

"ನಿನ್ನೆ ತನಕ ಚೆನ್ನಾಗೇ ಇದ್ದೆ. ಈಗ ಈ ಕ್ಯಾಮೆರಾ ಯಾರು ಅಂತ ನನ್ನನ್ನೇ ಕೇಳ್ತೀಯಾ?"

ಮೇಜಿನ ಮೇಲೆ ಹಳೆಯದೊಂದು ವಿಡಿಯೋ ಕ್ಯಾಮೆರಾ. ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಟೇಪು. ಪರದೆಯ ಮೇಲೆ ಒಂದೇ ಸಾಲು: ಯಾವ ಸಾಧನವೂ ಸಿಕ್ಕಿಲ್ಲ.

ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅಕ್ಕನ ಕೆಲಸ. ಅದಕ್ಕೆ ಫೈರ್‌ವೈರ್ ಎಂಬ ತಂತಿಯೇ ಬೇಕು. ಈ ತಂತಿಗೆ ಜಾಗವಿರುವ ಕಂಪ್ಯೂಟರುಗಳು ಈಗ ಬರುವುದಿಲ್ಲ. ಹಾಗಾಗಿ ನಡುವೆ ಅಡಾಪ್ಟರುಗಳು, ಮೂತಿಗೆ ಮೂತಿ ಕೂಡಿಸಿ. "ಕ್ಯಾಮೆರಾ ಅತ್ತೆ, ಕಂಪ್ಯೂಟರು ಸೊಸೆ. ಇಬ್ಬರೂ ನೇರ ಮಾತಾಡಲ್ಲ. ನಡುವೆ ಸಿಕ್ಕಿಹಾಕಿಕೊಂಡಿದೆಯಲ್ಲ ಈ ಅಡಾಪ್ಟರು, ಇದು ಪಾಪದ ಗಂಡ" ಎನ್ನುತ್ತಾರೆ. ಹೇಳುವಾಗಲೂ ನಗುವುದಿಲ್ಲ. ಇಷ್ಟೆಲ್ಲ ಕೂಡಿಸಿದ ಮೇಲೂ, ಆ ತಂತಿಯ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಡ್ರೈವರ್ ಸಾಫ್ಟ್‌ವೇರ್ ಇರದಿದ್ದರೆ ಎಲ್ಲವೂ ನೀರಲ್ಲಿ ಹೋಮ.

ಅಕ್ಕ ನಸುಕಿಗೇ ಬರಲು ಕಾರಣ ಕೆಳಗಿನ ವೆಲ್ಡಿಂಗ್ ಅಂಗಡಿ. ಅಲ್ಲಿ ಕಿಡಿ ಹಾರಿದರೆ ಇಲ್ಲಿ ದೀಪ ಮಿಣುಕುತ್ತದೆ. ಕಂಪ್ಯೂಟರು ಅರೆಗಳಿಗೆ ತಡವರಿಸುತ್ತದೆ, ಅಷ್ಟರಲ್ಲಿ ಟೇಪಿನ ನಾಲ್ಕಾರು ಚಿತ್ರಗಳು ಬಿದ್ದುಹೋಗುತ್ತವೆ. ಗಂಟೆಯ ಟೇಪಿಗೆ ಗಂಟೆಯೇ ಬೇಕು, ಅವಸರ ಮಾಡಲಾಗದು. ಕರೆಂಟಿನ ಏರಿಳಿತ ತಡೆಯುವ ಬ್ಯಾಟರಿ ಪೆಟ್ಟಿಗೆ ತಂದುಕೊಡಿ ಎಂದು ಯಜಮಾನರನ್ನು ಕೇಳಿ ಕೇಳಿ ಅಕ್ಕನ ಬಾಯಿ ಸವೆದಿದೆ.

ಇವತ್ತಿನ ಟೇಪು ಬಸ್ ಕಂಡಕ್ಟರೊಬ್ಬರದು. ಮಗಳನ್ನು ಕರೆದುಕೊಂಡು, ಡ್ಯೂಟಿಯ ಬಟ್ಟೆಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅವರ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಮಗಳಿಗೂ ಕೇಳುವುದಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗಳು ಅವಳು.

"ಮಗಳು ಶಾಲೆಯಲ್ಲಿ ಕೈಮಾತು ಕಲೀತಿದ್ದಾಳೆ, ಅಕ್ಕ. ಆದ್ರೆ ನಮ್ಮಮ್ಮನ ಕೈಮಾತು ಅಲ್ಲಿ ಸಿಗಲ್ಲ. ಅದು ಅಮ್ಮನೇ ಕಟ್ಟಿಕೊಂಡಿದ್ದು, ನಮ್ಮ ಮನೆಯಲ್ಲಿ ಮಾತ್ರ ಇತ್ತು. ಅರ್ಧ ನಾನೇ ಮರೆತಿದ್ದೀನಿ. ಉಳಿದಿರೋದು ಈ ಟೇಪಿನಲ್ಲಿ ಮಾತ್ರ."

ಬೇರೆ ಅಂಗಡಿಯವರು ಟೇಪು ಹಾಕಿ ನೋಡಿ, ದನಿಯೇ ಇಲ್ಲ, ಕೆಟ್ಟಿದೆ ಎಂದು ವಾಪಸು ಕೊಟ್ಟರಂತೆ. ಕೊಡುವ ಮೊದಲು ಅವರ ಮಷೀನು ಅದನ್ನು ಒಂದಿಷ್ಟು ಅಗಿದೂ ಇದೆ. ಅಕ್ಕನಿಗೆ ಪಿತ್ತ ನೆತ್ತಿಗೇರುತ್ತದೆ. "ದನಿ ಇಲ್ವಂತೆ! ಕಣ್ಣು ಎಲ್ಲಿಟ್ಟಿದ್ರು? ಈ ಟೇಪು ಇನ್ನೊಂದು ಸಲ ಓಡಿದ್ರೆ ದೊಡ್ಡದು. ಇದರಲ್ಲಿ ಒಂದು ಚಿತ್ರ ಬಿತ್ತು ಅಂದ್ರೆ ಒಂದು ಮಾತು ಬಿತ್ತು ಅಂತ ಅರ್ಥ."

ಆಗಲೇ ಸ್ಟುಡಿಯೋದ ಯಜಮಾನರು ಆಕಳಿಸುತ್ತ ಒಳಬರುತ್ತಾರೆ. ಅಕ್ಕನ ಅಕ್ಕನ ಗಂಡ ಅವರು.

"ಭಾವ, ಈ ಕಂಪ್ಯೂಟರ್ ಯಾರು ಮುಟ್ಟಿದ್ದು?"

"ಹೊಸ ಪ್ರಿಂಟರ್ ಹಾಕೋಣ ಅಂತ ಕೂತಿದ್ದೆ. ಅದೇನೋ ಅಪ್‌ಡೇಟ್ ಬೇಕಾ ಅಂತು. ಬೇಕು ಅಂದೆ."

"ಬೇಕು ಅಂದ್ರಂತೆ! ಡ್ರೈವರನ್ನೇ ಕಿತ್ತು ಬಿಸಾಕಿದೆ ಅದು. ಬಾಗಿಲು ತಟ್ಟಿದವರಿಗೆಲ್ಲ ಮನೆ ಬರೆದುಕೊಡ್ತೀರಾ?"

"ಹೊಸದು ಒಳ್ಳೇದೇ ಇರುತ್ತೆ ಅಂದ್ಕೊಂಡೆ ಕಣಮ್ಮ. ಅಷ್ಟಕ್ಕೂ ಈ ಕಾಲದಲ್ಲಿ ಯಾರಿಗೆ ಬೇಕು ಈ ಟೇಪು?"

ಅಕ್ಕ ಬಾಗಿಲಲ್ಲಿ ನಿಂತ ಹುಡುಗಿಯತ್ತ ಕೈ ತೋರಿಸುತ್ತಾರೆ. ಭಾವ ಆಕಳಿಕೆ ನುಂಗಿಕೊಳ್ಳುತ್ತಾರೆ.

ಅಕ್ಕನ ತಂತಿಗಳ ಡಬ್ಬಿಯ ತಳದಿಂದ ಹಳೆ ಡ್ರೈವರಿನ ಸಿ.ಡಿ. ಹೊರಬರುತ್ತದೆ. ಹೊಸದನ್ನು ತೆಗೆದು ಹಳೆಯದನ್ನು ಹಾಕುವಾಗಲೂ ಅಕ್ಕನ ಬಾಯಿ ಸುಮ್ಮನಿರುವುದಿಲ್ಲ. "ಆ ಕಂಪನಿಗಳಿಗೇನು? ಅವರಿಗೆ ವರ್ಷಕ್ಕೊಂದು ಹೊಸ ಕಿಂಡಿ ಕೊರೆಯೋದೊಂದೇ ಗೊತ್ತು. ಹಳೇದನ್ನ ಮುಚ್ಚುವಾಗ ಒಳಗಡೆ ಯಾರಾದ್ರೂ ಇದ್ದಾರಾ ಅಂತ ಒಂದು ಮಾತು ಕೇಳಬಾರದಾ?" ಮೊದಲ ಸಲ ಕಂಪ್ಯೂಟರು ಒಪ್ಪುವುದಿಲ್ಲ. ಎಲ್ಲವನ್ನೂ ಆರಿಸಿ, ತಂತಿ ಬಿಚ್ಚಿ, ಮತ್ತೆ ಕೂಡಿಸುತ್ತಾರೆ. ಕೊನೆಗೆ ಪರದೆಯಲ್ಲಿ ಕ್ಯಾಮೆರಾದ ಹೆಸರು ಮೂಡುತ್ತದೆ.

ಅದೇ ಹೊತ್ತಿಗೆ ದೀಪ ಮಿಣುಕುತ್ತದೆ. ಕೆಳಗೆ ವೆಲ್ಡಿಂಗ್ ಶುರು.

ಅಕ್ಕ ಮೆಟ್ಟಿಲು ದಡದಡನೆ ಇಳಿಯುತ್ತಾರೆ. "ಅಣ್ಣ, ಒಂದು ಗಂಟೆ ನಿಲ್ಲಿಸಿ."

"ನಿಮ್ಮ ಸಿನಿಮಾ ಮುಗಿಯೋ ತನಕ ನಾನು ಕೈಕಟ್ಟಿ ಕೂರ್ಲಾ ತಾಯಿ?"

"ಹೂಂ, ಕೂರಿ. ನಿಮ್ಮ ಗೇಟು ನಾಳೆಯೂ ಗೇಟೇ. ನನ್ನ ಟೇಪು ನಾಳೆ ಇರಲ್ಲ."

ವೆಲ್ಡರ್ ಮುಖವಾಡ ಮೇಲೆತ್ತಿ ಅವರನ್ನೇ ನೋಡುತ್ತಾರೆ. "ನಿಮ್ಮ ಕಣ್ಣಲ್ಲಿರೋ ಕಿಡಿ ಸಾಕು, ಗೇಟು ತಾನಾಗೇ ಬೆಸೆದುಕೊಳ್ಳುತ್ತೆ. ಹೋಗಿ, ಟೀ ಕುಡಿದು ಬರ್ತೀನಿ."

ಟೇಪು ತಿರುಗತೊಡಗುತ್ತದೆ. ಪರದೆಯಲ್ಲಿ, ಮನೆಯ ಮೆಟ್ಟಿಲ ಮೇಲೆ ಕೂತ ಮುದುಕಿಯೊಬ್ಬಳು ಮಡಿಲಲ್ಲಿ ತರಕಾರಿ ಇಟ್ಟುಕೊಂಡು ಎರಡೂ ಕೈಯಲ್ಲಿ ಯಾರನ್ನೋ ಗದರಿಸುತ್ತಿದ್ದಾಳೆ. ಹುಡುಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಾಳೆ. ಮುದುಕಿ ತನ್ನ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಜಗ್ಗಿ, ಬಾ ಎಂಬಂತೆ ಕೈ ಬೀಸುತ್ತಾಳೆ. ಹುಡುಗಿ ಅಪ್ಪನ ತೋಳು ಎಳೆದು, ಏನದು ಎಂದು ಕೈಯಲ್ಲೇ ಕೇಳುತ್ತಾಳೆ.

ಕಂಡಕ್ಟರು ತಮ್ಮ ಎದೆ ಮುಟ್ಟಿ ತೋರಿಸುತ್ತಾರೆ. "ಅದು ನಾನು, ಅಕ್ಕ. ಅಮ್ಮ ನನ್ನ ಕರೀತಿದ್ದದ್ದೇ ಹಾಗೆ. ಮರೆತೇಹೋಗಿತ್ತು."

ಹುಡುಗಿ ತನ್ನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಜಗ್ಗಿ ಅಪ್ಪನನ್ನು ನೋಡುತ್ತಾಳೆ.

ಅಕ್ಕ ಇದ್ಯಾವುದನ್ನೂ ನೋಡುತ್ತಿಲ್ಲ. ಬಿದ್ದುಹೋದ ಚಿತ್ರಗಳನ್ನು ಎಣಿಸುವ ಅಂಕಿ ಪರದೆಯ ಮೂಲೆಯಲ್ಲಿದೆ, ಅವರ ಕಣ್ಣು ಅದರ ಮೇಲೆ. ಅಲ್ಲಿ ಸೊನ್ನೆ ಇದೆ. ಟೇಪು ಮುಗಿದಾಗಲೂ ಸೊನ್ನೆಯೇ.

ಭಾವ ಮೆಲ್ಲಗೆ ಕೆಮ್ಮುತ್ತಾರೆ. "ಆಯ್ತಲ್ಲ. ಇನ್ನೂ ಯಾಕೆ ಮುಖ ಊದಿಸಿಕೊಂಡಿದ್ದೀಯ? ಏನು ಬೇಕು ಹೇಳು, ಕೊಡಿಸ್ತೀನಿ."

ಅಕ್ಕ ಕಂಪ್ಯೂಟರಿನ ಬೆನ್ನಿಂದ, ಅಪ್‌ಡೇಟ್ ತರುವ ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತು ಅವರ ಅಂಗೈಯಲ್ಲಿ ಇಡುತ್ತಾರೆ.

"ಬ್ಯಾಟರಿ ಪೆಟ್ಟಿಗೆ ಆಮೇಲೆ ಭಾವ. ಮೊದಲು, ನನ್ನನ್ನ ಕೇಳದೆ ಈ ಕಂಪ್ಯೂಟರ್ ಮುಟ್ಟಬೇಡಿ. ಅಷ್ಟು ಸಾಕು."