ಅಜ್ಜಿ ಹೇಳಿದ ಅಗಳು

ಹಾಗಲವಾಡಿ ಕಡೆಯ ನನ್ನ ತವರುಮನೆಯ ಸುತ್ತ ನಾಲ್ಕೂ ಕಡೆ ಕಂದಕ. ಹಿಂದೆ ಯಾರೋ ಪಾಳೇಗಾರನ ಕಡೆಯವರು ತಮ್ಮ ಕೋಟೆಮನೆಗೆಂದು ತೋಡಿಸಿದ್ದಂತೆ. ಕೋಟೆಮನೆ ಮಣ್ಣಾಯಿತು, ಕಂದಕ ಉಳಿಯಿತು, ಆ ದಿಣ್ಣೆಯ ಮೇಲೆ ನಮ್ಮ ಮನೆ ಎದ್ದಿತು. ಕಂದಕಕ್ಕೆ ನಮ್ಮಲ್ಲಿ ಅಗಳು ಎನ್ನುತ್ತಾರೆ. ಮಳೆಗಾಲದಲ್ಲಿ ಎದೆಮಟ್ಟ ನೀರು, ಮೇಲೆ ಜೊಂಡು, ಕೆಳಗೆ ಕಾಲು ಬಿಡದ ಕೆಸರು. ನೋಡಲು ಬಂದವರು ‘ಎಷ್ಟು ಚೆಂದ’ ಎಂದರೆ ನನಗೆ ಮೈ ಉರಿಯುತ್ತದೆ. ಅಲ್ಲಿ ಮಕ್ಕಳನ್ನು ಸಾಕಿ ನೋಡಲಿ.

ತೊಂಬತ್ತರ ದಶಕದ ಕೊನೆ. ಬಟವಾಡಿಯ ಬಾಡಿಗೆ ಮನೆಯಿಂದ ಮೂರು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡಿ ಒಳಗೆ ಬಂದರೆ ಮಗು ಇಲ್ಲ. ನಡುಮನೆಯ ಮಂಚದಲ್ಲಿ ಅಜ್ಜಿ ಒಬ್ಬಳೇ. ಲಕ್ವ ಹೊಡೆದ ಮೇಲೆ ಅವಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

"ಅಜ್ಜೀ, ಮಗು ಎಲ್ಲೋಯ್ತು?"

ಸ್ವಾಧೀನವಿದ್ದ ಕೈಯನ್ನು ಬೀದಿ ಬಾಗಿಲ ಕಡೆ ಚಾಚಿದಳು. "ಅಗಳ್... ಮಗ... ಅಗಳ್..."

 ಕಿರುಚುತ್ತಾ ಹೊರಗೋಡಿದೆ. ತೋಟದಿಂದ ಬಂದ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಅಗಳಿಗೆ ಇಳಿದೇಬಿಟ್ಟರು. ಗಳ ಹಾಕಿ ತಡಕಿದರು, ಜೊಂಡು ಕಿತ್ತೆಸೆದರು, ಮುಳುಗಿದರು. ಅವರು ಮೇಲೆದ್ದಾಗಲೆಲ್ಲ ಕೈಯಲ್ಲಿ ಏನಿದೆಯೋ ಎಂದು ಹೆದರಿ ಕಣ್ಣು ಮುಚ್ಚುತ್ತಿದ್ದೆ.

"ಸುಮ್ಕೆ ನಿಂತಿದ್ಯಲ್ಲವ್ವ! ಉಗ್ರಾಣದಾಗೆ ಹಗ್ಗ ಐತೆ, ತತ್ತಾ!"

ಒಳಗೆ ಓಡಿದೆ. ಅಜ್ಜಿ ಮಂಚದಿಂದ ಅರ್ಧ ಜಾರಿದ್ದಳು. ಅದೇ ಕೈ, ಅದೇ ಮಾತು. "ಗೊತ್ತಾಯ್ತು, ಸುಮ್ನಿರಜ್ಜಿ!" ಎಂದು ರೇಗಿ, ಬೀದಿ ಬಾಗಿಲ ಪಕ್ಕದ ಉಗ್ರಾಣದ ಕದ ತಳ್ಳಿದೆ. ಬರಲಿಲ್ಲ. ಕದವನ್ನು ಜೋರಾಗಿ ಹಾಕಿದರೆ ತಾನಾಗಿ ಬೀಳುವ ಮರದ ಅಗಳಿ, ಒಳಗಿನಿಂದ ಬಿದ್ದಿತ್ತು.

ಅಗಳಿ. ಅಜ್ಜಿ ಹೇಳಿದ್ದು ಅಗಳು ಅಲ್ಲವೇ ಅಲ್ಲ. ಅವಳ ಕೈ ತೋರಿಸಿದ್ದು ಈ ಕದವನ್ನು.

ಗೋಡೆಗೆ ಸಿಕ್ಕಿಸಿದ್ದ ಕುಡುಗೋಲಿನ ತುದಿಯನ್ನು ಸಂದಿಯಲ್ಲಿ ತೂರಿಸಿ ಅಗಳಿ ಎತ್ತಿದೆ. ರಾಗಿ ಮೂಟೆಗೊರಗಿ ಮಗಳು ನಿದ್ದೆ ಹೋಗಿದ್ದಳು. ಕೆನ್ನೆಯಲ್ಲಿ ಅತ್ತು ಒಣಗಿದ ಗುರುತು. ಆ ಅಳು ಕೇಳಿದವಳು ಮನೆಯಲ್ಲಿ ಅಜ್ಜಿ ಒಬ್ಬಳೇ.

ಮಗುವನ್ನು ಅವಚಿಕೊಂಡು ಅಜ್ಜಿಯ ಕಾಲ ಬಳಿ ಕುಸಿದೆ. ಹೊರಗೆ ಚಿಕ್ಕಪ್ಪ ಕೂಗುತ್ತಲೇ ಇದ್ದರು, "ಹಗ್ಗ ಎಲ್ಲವ್ವಾ?" ಮಗು ಸಿಕ್ಕಿತು ಎನ್ನಬೇಕಿತ್ತು. ಅಳುವಿನ ನಡುವೆ ನನ್ನಿಂದ ಹೊರಟಿದ್ದೂ ಅಷ್ಟೇ: "ಅಗಳ್... ಅಗಳ್..."

ಅದನ್ನು ಕೇಳಿ ಚಿಕ್ಕಪ್ಪ ಮತ್ತೆ ಮುಳುಗಿದ ಸದ್ದಾಯಿತು.