ಗಡಿಯಾರದ ಮನೆಯ ಐದು ಮೀನು

ನನ್ನ ಕಿವಿ ಬಹಳ ಚುರುಕು. ಇದನ್ನು ನಾನೇ ಹೇಳಿಕೊಂಡು ತಿರುಗಬಾರದು ಎಂದು ಮೊಮ್ಮಕ್ಕಳು ಬಯ್ಯುತ್ತಾರೆ. ಬಯ್ಯಲಿ. ಈ ಕಿವಿಗೆ ಸರ್ಟಿಫಿಕೇಟು ಕೊಟ್ಟವನು ಕೊಪ್ಪಳದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ನನ್ನ ಅಪ್ಪ. ಕೊಡಿಸಿದ್ದು ಐದು ಮೀನು.

ನಿಜಾಮರ ಆಳ್ವಿಕೆ ಇನ್ನೂ ಇದ್ದ ಕಾಲ. ನನಗೆ ಹನ್ನೊಂದು ವರ್ಷ. ಮನೆಯ ಮುಂದಿನ ಪಡಸಾಲೆಯೇ ಅಪ್ಪನ ಅಂಗಡಿ, ಗೋಡೆ ತುಂಬ ಊರವರ ಗಡಿಯಾರಗಳು. ಆ ಟಿಕ್‌ಟಿಕ್ ಗದ್ದಲದಲ್ಲಿ ನೆಂಟರಿಗೆ ನಿದ್ದೆ ಹತ್ತುತ್ತಿರಲಿಲ್ಲ. ನಮಗೆ ಬೇರೆಯವರ ಮನೆಯಲ್ಲಿ ಹತ್ತುತ್ತಿರಲಿಲ್ಲ.

ಗಂಗಾವತಿಯ ಕಡೆ ಹೊಳೆದಂಡೆಯ ಊರಿನಲ್ಲಿ ನನ್ನ ಸೋದರತ್ತೆ ಇದ್ದಳು. ಅಲ್ಲಿಗೆ ಹೋದಾಗ ಮೀನು ಹಿಡಿಯುವವರ ಬಲೆಯಲ್ಲಿ ಬೆರಳುದ್ದದ ಒಂದು ಮೀನು ಕಂಡೆ. ಮೈತುಂಬ ಹಳದಿ, ಕಂದು ಪಟ್ಟೆ. ಬಾಯಿಯ ಸುತ್ತ ಎಳೆ ಮೀಸೆ. ಸಾರಿಗೂ ಬಾರದ್ದೆಂದು ಅವರು ಅದನ್ನು ಎಸೆಯುವುದರಲ್ಲಿದ್ದರು. ನಾನು ಬೇಡಿ ಇಸಿದುಕೊಂಡು, ಗಾಡಿಯ ಕುಲುಕಾಟಕ್ಕೆ ನೀರು ಚೆಲ್ಲದಂತೆ, ತಂಬಿಗೆಯನ್ನು ಕೊಪ್ಪಳದವರೆಗೂ ತೊಡೆಯ ಮೇಲೆ ಹಿಡಿದು ತಂದೆ. ಅಪ್ಪ ಕೆಟ್ಟುಹೋದ ಗಡಿಯಾರಗಳ ಬಾಗಿಲಿನ ಗಾಜುಗಳನ್ನು ತಗಡಿನ ಚೌಕಟ್ಟಿಗೆ ಕೂಡಿಸಿ, ಸಂದಿಗೆ ರಾಳ ಮತ್ತು ಮೇಣ ತುಂಬಿ, ಒಂದು ತೊಟ್ಟಿ ಮಾಡಿಕೊಟ್ಟ. ಅಂಥ ತೊಟ್ಟಿ ಊರಲ್ಲಿ ಇನ್ನೊಬ್ಬರ ಮನೆಯಲ್ಲಿರಲಿಲ್ಲ.

ಒಂಟಿ ಮೀನು ಹೆಂಚಿನ ಚೂರಿನ ಕೆಳಗೆ ಸೇರಿಕೊಂಡು ಬಣ್ಣಗೆಟ್ಟಿತು. ನೀರು ಬದಲಿಸಿದೆ, ಮರಳು ತೊಳೆದೆ, ಏನೂ ಉಪಯೋಗವಾಗಲಿಲ್ಲ. ಅದಕ್ಕೆ ಜೊತೆ ಬೇಕು ಎಂದು ನನಗೆ ಹೊಳೆಯಿತು. ಅತ್ತೆಗೆ ಹೇಳಿಕಳಿಸಿ ಅಂಥವೇ ನಾಲ್ಕು ತರಿಸಿದೆ. ಬಂದ ಎರಡನೆಯ ದಿನಕ್ಕೆ ಮೊದಲಿನದರ ಪಟ್ಟೆಗಳು ಮತ್ತೆ ಎದ್ದು ಕಂಡವು. ಅಡಗಲು ನಾಲ್ಕು ಜಾಗ ಮಾಡಿಟ್ಟರೂ ಐದೂ ಒಂದೇ ಹೆಂಚಿನ ಕೆಳಗೆ ತುರುಕಿಕೊಳ್ಳುತ್ತಿದ್ದವು. ದೊಡ್ಡದು ಸಣ್ಣದನ್ನು ದಿನವಿಡೀ ತಿವಿಯುತ್ತಿತ್ತು. ಆದರೆ ಸಣ್ಣದನ್ನು ಬೇರೆ ಪಾತ್ರೆಗೆ ತೆಗೆದರೆ ಮೊದಲು ಗಾಜಿಗೆ ಮೂತಿ ಉಜ್ಜಿ ಹುಡುಕುತ್ತಿದ್ದುದು ಆ ದೊಡ್ಡದೇ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ನೋಡಿ ನೋಡಿ ತಿಳಿದುಕೊಂಡೆ.

ಒಂದು ಮಧ್ಯಾಹ್ನ ಐದೂ ಮಗ್ಗುಲಾಗಿ ಬಿದ್ದಿದ್ದವು. "ಅಪ್ಪಾ, ಎಲ್ಲಾ ಸತ್ತಾವು!" ಎಂದು ಚೀರಿದೆ. ಅಪ್ಪ ಚಿಮಟ ಬಿಟ್ಟು ಓಡಿಬಂದ. ಕೈಯಲ್ಲಿದ್ದ ಸಾಸಿವೆಯಷ್ಟು ಸ್ಕ್ರೂ ಎಲ್ಲೋ ಹಾರಿಹೋಯಿತು. ಅವನು ಬಗ್ಗಿ ನೋಡುವಷ್ಟರಲ್ಲಿ ಐದೂ ಎದ್ದು ಆರಾಮಾಗಿ ಈಜತೊಡಗಿದವು. ಆ ಮೀನು ಮಲಗುವುದೇ ಹಾಗೆ! ನನಗೆ ಸುಳ್ಳುಬುರುಕಿ ಎಂಬ ಹೆಸರು ಬಂತು. ಬೇರೆ ಸುಳ್ಳು ಬೇಕಾದಷ್ಟು ಹೇಳಿದ್ದೇನೆ, ಅದಕ್ಕೆ ಬಂದಿದ್ದರೆ ಬೇಸರವಿರಲಿಲ್ಲ.

ಅದೇ ಹೊತ್ತಿಗೆ ಕುಕನೂರಿನ ಒಬ್ಬ ಸಾವಕಾರರ ಗೋಡೆ ಗಡಿಯಾರ ಬಂತು. ಅಪ್ಪ ಅದನ್ನು ಬಿಚ್ಚಿ ತೊಳೆದು, ಎಣ್ಣೆ ಬಿಟ್ಟು, ಮೀನಿನ ತೊಟ್ಟಿಯ ಮೇಲಿನ ಮೊಳೆಗೆ ತೂಗುಹಾಕಿದ. ಮಧ್ಯಾಹ್ನ ಕಿವಿಗೊಟ್ಟರೆ ಟಿಕ್‌ಟಿಕ್ ನಡುವೆ ಒಂದು 'ಟಕ್'. ಚಕ್ರದ ಹಲ್ಲು ಮುರಿದಿದೆ ಎಂದುಕೊಂಡು ಮತ್ತೆ ಬಿಚ್ಚಿದ. ಹಲ್ಲು ಸರಿಯಿತ್ತು. ಮೂರು ಸಲ ಬಿಚ್ಚಿದ. ಎರಡು ಸಂತೆಗೆ ಸಾವಕಾರರು ಬರಿಗೈಯಲ್ಲಿ ಹೋದರು. ಅಪ್ಪನ ಕೈಚಳಕ ಹೋಯಿತು ಎಂಬ ಮಾತು ಸಂತೆಯಲ್ಲಿ ಶುರುವಾಯಿತು. ಅಪ್ಪ ಅರ್ಧ ರೊಟ್ಟಿಗೆ ಕೈತೊಳೆದು ಏಳತೊಡಗಿದ.

ಆ ಟಕ್ ಯಾರದೆಂದು ನನಗೆ ಗೊತ್ತಿತ್ತು, ಸುಳ್ಳುಬುರುಕಿಯ ಮಾತು ಯಾರು ನಂಬುತ್ತಾರೆಂದು ಹೇಳಿರಲಿಲ್ಲ. ಮಧ್ಯಾಹ್ನ ನಾನು ಕೆರೆಯ ಸಣ್ಣ ಬಸವನಹುಳು ಹಾಕಿದಾಗ ಮೀನುಗಳು ತಿನ್ನುತ್ತ, ಕಿತ್ತಾಡುತ್ತ ಹಾಗೆ ಸದ್ದು ಮಾಡುತ್ತಿದ್ದವು.

"ಅಪ್ಪಾ, ಗಡಿಯಾರ ಕೆಟ್ಟಿಲ್ಲ. ಆ ಸಪ್ಪಳ ನನ್ನ ಮೀನಿಂದು."

"ಮೊನ್ನೆ ಸತ್ತಿದ್ವು, ಇವತ್ತ ಮಾತಾಡಾಕ ಹತ್ತಿದ್ವೇನು?" ಎಂದ ಅಪ್ಪ. "ಇನ್ನೊಂದು ಸುಳ್ಳು ಹೇಳಿದ್ರ ತೊಟ್ಟಿ ಸಮೇತ ಹಳ್ಳಕ್ಕ ಹಾಕಿ ಬರ್ತೀನಿ ನೋಡು."

ನನಗೂ ಸಿಟ್ಟು ಬಂತು. "ಎಲ್ಲಾ ಗಡಿಯಾರ ನಿಲ್ಲಸು. ಆಮ್ಯಾಲೆ ಕೇಳು. ಸಪ್ಪಳ ಬರಲಿಲ್ಲಂದ್ರ ನಾನ ಹಳ್ಳಕ್ಕ ಬಿಟ್ಟು ಬರ್ತೀನಿ."

"ನಡಿಯೋ ಗಡಿಯಾರ ಯಾಕ ನಿಲ್ಲಸ್ತೀರಿ, ಬ್ಯಾಡ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ. ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಒಂದೊಂದೇ ಲೋಲಕಕ್ಕೆ ಬೆರಳು ಹಚ್ಚುತ್ತ ನಡೆದ. ನಾನು ಹುಟ್ಟಿದಾಗಿನಿಂದ ಆ ಮನೆ ಅಷ್ಟು ಸುಮ್ಮನಿದ್ದದ್ದೇ ಇಲ್ಲ. ಅವ್ವನ ಬಳೆ ಸದ್ದಾದರೂ ಕೇಳುತ್ತಿತ್ತು.

ಬಸವನಹುಳು ಹಾಕಿದೆ. ಮೀನು ಹೆಂಚಿನಿಂದ ಹೊರಗೆ ಬರಲೇ ಇಲ್ಲ. ತಲೆಯೆತ್ತಿ ನೋಡಿದೆ. ತೊಟ್ಟಿಗೆ ಅಡ್ಡವಾಗಿ ಅಪ್ಪ ನಿಂತಿದ್ದ.

"ಕುಂದರಪಾ. ನಿನ್ನ ನೆಳ್ಳಿಗೆ ಅಂಜ್ಯಾವ."

ಅಪ್ಪ ನೆಲದ ಮೇಲೆ ಕೂತ. ಒಂದು ಮೂತಿ ಹೊರಬಂತು, ಅದರ ಹಿಂದೆ ನಾಲ್ಕು. ದೊಡ್ಡದು ಚಿಪ್ಪಿಗೆ ಬಾಯಿ ಹಾಕಿತು, ಸಣ್ಣದು ನಡುವೆ ನುಗ್ಗಿತು.

ಟಕ್.

ಅಪ್ಪ ಗಾಜಿಗೆ ಕಿವಿ ಹಚ್ಚಿದ. ಟಕ್, ಟಕ್. ಅವನು ಬಹಳ ಹೊತ್ತು ಏಳಲೇ ಇಲ್ಲ. ಎದ್ದಾಗ ಕಿವಿಯ ಮೇಲೆ ಗಾಜಿನ ಗುರುತು ಕೆಂಪಗೆ ಮೂಡಿತ್ತು.

"ತಪ್ಪಾತವ್ವಾ, ಖರೇನ ಹೇಳಿದ್ದಿ," ಎಂದ.

ಮುಂದಿನ ಸಂತೆಗೆ ಸಾವಕಾರರು ಬಂದರು. "ಏನಾಗಿತ್ರಿ ಅದಕ್ಕ?" ಎಂದು ಕೇಳಿದರು. ಅಪ್ಪ ಯಾವುದೋ ಚಕ್ರದ ಹೆಸರು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಕೇಳುವವರು ಇನ್ನೂ ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತಿದ್ದರು.

"ಏನೂ ಆಗಿರಲಿಲ್ರಿ ಸಾವಕಾರ್ರ. ನಿಮ್ಮ ಗಡಿಯಾರ ಛಲೋನ ಇತ್ತು. ಈ ಮೀನಿನ ಸಪ್ಪಳಕ್ಕ ನನ್ನ ಕಿವಿ ಮೋಸ ಹೋತು. ನನ್ನ ಮಗಳು ಹೇಳಿದ್ಲು, ನಾ ನಂಬಲಿಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಮುಚ್ಚಿಡುವ ಹಂಗೇನೂ ನನಗಿರಲಿಲ್ಲ. ಸಾವಕಾರರು ನಕ್ಕು, ಕೋಟಿನ ಒಳಗಿನಿಂದ ಕಿಸೆ ಗಡಿಯಾರ ತೆಗೆದು, ಇದು ಹಿಂದೆ ಬೀಳುತ್ತಿದೆ ಎಂದು ಅಪ್ಪನ ಮುಂದಿಟ್ಟರು. ಅಪ್ಪ ಅದನ್ನು ಎತ್ತಿಕೊಳ್ಳಲಿಲ್ಲ, ನನ್ನ ಕಡೆ ಸರಿಸಿದ.

"ಮೊದಲ ನೀ ಕೇಳವ್ವಾ."

ಕಿವಿಗೆ ಹಚ್ಚಿದೆ. ಒಂದು ಬಡಿತ ಕುಂಟುತ್ತಿತ್ತು. ಹಾಗೆಂದೆ. ಅಪ್ಪ ತಾನು ಕೇಳಿಸಿಕೊಳ್ಳದೆಯೇ ಹಿಂದಿನ ಮುಚ್ಚಳ ತೆಗೆದ.