ಮಿಕ್ಕ ಔಷಧಿ

ನನ್ನ ಅಣ್ಣನಿಗೆ ಶತ್ರುಗಳಿರಲಿಲ್ಲ. ಗೊರೇಬಾಳದ ಕಡೆ ನಾಲ್ಕೆಕರೆ ಗದ್ದೆ, ಅದಕ್ಕೆ ಕಾಲುವೆ ನೀರು, ಯಾರೊಡನೆಯೂ ಜಗಳವಾಡುವಷ್ಟು ಬಿಡುವಿಲ್ಲದ ಬದುಕು. ಅಂಥವನ ಮೇಲೆ ಒಂದು ಗಿಡ ಹಗೆ ಸಾಧಿಸಿತು. ಪುಸ್ತಕದಲ್ಲಿ ಅದರ ಹೆಸರು ಪಾರ್ಥೇನಿಯಂ. ನಮ್ಮಲ್ಲಿ ಕಾಂಗ್ರೆಸ್ ಕಸ. ಎಂಬತ್ತರ ದಶಕದ ಕೊನೆಗೆ ಅದು ಕಾಲುವೆ ದಂಡೆ ಹಿಡಿದು ಬಂದು, ಪಟ್ಟಾ ಮಾಡಿಸಿಕೊಂಡವರ ಹಾಗೆ ನಮ್ಮ ಬದುಗಳ ಮೇಲೆ ನೆಲೆಸಿತು. ಅದು ಬಿಳಿ ಹೂ ಬಿಟ್ಟ ಮೊದಲ ವರ್ಷ ಅಣ್ಣನ ಕಣ್ಣರೆಪ್ಪೆಗಳು ಬಾತವು. ಮರುವರ್ಷ ಕುತ್ತಿಗೆ, ಮೊಣಕೈ ಮಡಿಕೆಗಳು ಕಪ್ಪಗೆ ದಪ್ಪಗಾಗಿ, ಒಡೆದು ನೀರು ಸುರಿಸಿದವು. ಗದ್ದೆಗೆ ಹೋದ ದಿನ ಮೈಯೆಲ್ಲ ತುರಿಕೆ. ಹೋಗದ ದಿನ, ಹೋಗಲಿಲ್ಲವಲ್ಲ ಎಂಬ ಇನ್ನೊಂದು ತುರಿಕೆ.

ಲಿಂಗಸುಗೂರಿನ ಡಾಕ್ಟರು ಮುಲಾಮು ಬರೆದುಕೊಟ್ಟರು.

"ಇದನ್ನ ಹಚ್ಚಿದ್ರ ಕಡಿಮಿ ಆಗ್ತೈತಿ. ಪೂರಾ ಹೋಗಬೇಕಂದ್ರ ಆ ಕಸ ಇರೋ ಕಡೆ ನೀವು ಇರಬ್ಯಾಡ್ರಿ."

"ಅದು ಇಲ್ಲದ ಊರು ಯಾವುದೈತ್ರಿ ಸಾಹೇಬ್ರ?" ಎಂದ ಅಣ್ಣ.

ಡಾಕ್ಟರು ಕಿಟಕಿಯಾಚೆ ನೋಡಿದರು. ಅವರ ದವಾಖಾನೆಯ ಗೋಡೆಗುಂಟ ಅದು ಸೊಂಟದೆತ್ತರ ಬೆಳೆದಿತ್ತು. ಮುಂದಿನವರನ್ನು ಕರೆದರು.

ನಾನಾಗ ಮಸ್ಕಿಯಲ್ಲಿ ಮಾಸ್ತರ. ಮನೆ ಸಿಂಧನೂರಿನಲ್ಲಿ, ಆಯುಷ್ಯ ಬಸ್ಸಿನಲ್ಲಿ. ಒಂದು ಮಳೆಗಾಲ ಮಸ್ಕಿಯ ಬಸ್ ನಿಲ್ಲುವ ಜಾಗದ ಪಕ್ಕ ಆ ಕಸ ಎಲೆಯಿಲ್ಲದೆ ಬರೀ ಕಡ್ಡಿಯಾಗಿ ನಿಂತಿದ್ದು ಕಂಡಿತು. ಕಡ್ಡಿಗಳ ತುಂಬ ತೊಗರಿಬೇಳೆಯಷ್ಟು ದಪ್ಪದ, ಮೈಮೇಲೆ ಕಂದು ಗೆರೆ ಎಳೆದುಕೊಂಡ ದುಂಬಿಗಳು. ಬಸ್ಸಿಗೆ ಕಾದಿದ್ದ ಕೃಷಿ ಇಲಾಖೆಯವರೊಬ್ಬರು ತಿಳಿಸಿದರು: "ಹೊರದೇಶದ ಹುಳರೀ ಇವು. ಈ ಕಸ ಬಿಟ್ರ ಬ್ಯಾರೆ ಬೆಳಿ ಮುಟ್ಟಂಗಿಲ್ಲಂತ." ಇಷ್ಟು ತತ್ವನಿಷ್ಠೆಯ ಜೀವಿಯನ್ನು ನಾನು ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಎಲ್ಲೂ ಕಂಡಿರಲಿಲ್ಲ. ರೊಟ್ಟಿ ಡಬ್ಬಿ ಖಾಲಿ ಮಾಡಿ, ಹಿಡಿದಷ್ಟನ್ನು ತುಂಬಿಕೊಂಡೆ.

"ಮಾಸ್ತರ, ಡಬ್ಬಿಯಾಗ ಏನ್ರೀ ಸರಸರ ಅನ್ನಾಕತ್ತೈತಿ?" ಕಂಡಕ್ಟರ್ ಕೇಳಿದ.

"ಹುಳ."

"ಮನಿಯಾಗ ಅಕ್ಕಾರು ಸಿಟ್ಟಾಗ್ಯಾರೇನ್ರೀ? ಹುಳ ಕಟ್ಟಿ ಕಳಿಸ್ಯಾರ!"

ಇಡೀ ಬಸ್ಸು ನಕ್ಕಿತು. ಲೋಕೋಪಕಾರಕ್ಕೆ ಹೊರಟವನಿಗೆ ಇದೆಲ್ಲ ಇದ್ದದ್ದೇ ಎಂದು ನಾನು ಗಂಭೀರವಾಗಿ ಕುಳಿತೆ.

ಬದುವಿನ ಮೇಲೆ ಹುಳ ಬಿಡುವಾಗ ಅಣ್ಣ ಮುಖಕ್ಕೆ ಟವೆಲ್ ಸುತ್ತಿಕೊಂಡು, ಪಟ್ಟಾಭಿಷೇಕಕ್ಕೆ ಬಂದ ಸಾಮಂತನಂತೆ ದೂರ ನಿಂತಿದ್ದ. ಇನ್ನೂ ನಾಲ್ಕೈದು ಡಬ್ಬಿ ತಂದೆ. ತಿಂಗಳೊಪ್ಪತ್ತಿನಲ್ಲಿ ಎಲೆಗಳು ಜರಡಿಯಾದವು; ಹುಳದ ಮರಿಗಳು ಮೊಗ್ಗನ್ನೂ ತಿಂದವು. ಒಂದು ಬದುವಿನಲ್ಲಂತೂ ಹೂವೇ ಇಲ್ಲ. ಅಣ್ಣ ಟವೆಲ್ ಬಿಚ್ಚಿ ಅಲ್ಲಿ ಅರ್ಧ ಮಧ್ಯಾಹ್ನ ಕುಳಿತ. ಮೈಗೆ ಏನೂ ಆಗಲಿಲ್ಲ. "ಮುಂದಿನ ಹಂಗಾಮಿಗೆ ಗದ್ದಿಗೆ ನಾನೇ ಇಳೀತೀನಿ," ಎಂದವನೇ ಸನಿಕೆಗೆ ಹೊಸ ಮರದ ಕಾವು ಹಾಕಿಸಿದ.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಭತ್ತಕ್ಕೆ ಕೀಟನಾಶಕ ಹೊಡೆದ ಮೇಲೆ ಪಂಪಿನ ತಳದಲ್ಲಿ ಮಿಕ್ಕ ಔಷಧಿಯನ್ನು ಮನೆಗೆ ಒಯ್ಯುವಂತಿಲ್ಲ. ಕಾಲುವೆಗೆ ಸುರಿದರೆ ದನ ಕುಡಿಯುತ್ತವೆ. ಹಾಗಾಗಿ ತುರ್ವಿಹಾಳದಿಂದ ವಲಸೆ ಬಂದವರ ಕ್ಯಾಂಪುಗಳವರೆಗೆ ಎಲ್ಲರೂ ಅದನ್ನು ಬದುವಿನ ಕಸಕ್ಕೆ ಹೊಡೆದು ಮುಗಿಸುತ್ತಿದ್ದರು. ಆ ವರ್ಷ ಭತ್ತಕ್ಕೆ ಜಿಗಿಹುಳ ಬಿತ್ತು. ಪಂಪು ಹೊಡೆಯುವ ನಮ್ಮ ಆಳು ಕೆಲಸ ಮುಗಿಸಿ ನೇರ ಅಣ್ಣನ ಮನೆಗೆ ಬಂದ.

"ಅಣ್ಣಾರ, ನಿಮ್ಮ ಮೈ ತಿನ್ನೋ ಕಸಕ್ಕ ಇವತ್ತ ಸರಿಯಾಗಿ ಕೊಟ್ಟು ಬಂದೀನಿ. ನಿಮ್ಮ ಸಲುವಾಗಿ ಅರ್ಧ ಪಂಪು ಜಾಸ್ತಿನ ಕಲಸಿದ್ದೆ."

"ಅದರ ಮ್ಯಾಲ ಹುಳ ಇದ್ದವಲ್ಲೋ?"

"ಒಂದೂ ಬಿಟ್ಟಿಲ್ಲ ತಗೋರಿ! ಎಲಿ ತುಂಬ ಆಗಿದ್ದವು, ಪಟಪಟ ಉದುರಿದವು."

ಹುಳವೆಂದರೆ ಕೊಲ್ಲುವುದಕ್ಕಲ್ಲದೆ ಸಾಕುವುದಕ್ಕೂ ಇರುತ್ತದೆ ಎಂದು ಅವನಿಗೆ ತಿಳಿಸಬೇಕೆಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅಣ್ಣ ಅವನ ಬೆವೆತ ಮುಖವನ್ನೇ ನೋಡಿದ.

"ಚಲೋ ಮಾಡಿದಿ. ಕುಂದ್ರು, ಚಾ ಕುಡಿ," ಎಂದ.

ಆ ಔಷಧಿ ಹುಳಕ್ಕೆ ಮಾಡಿದ್ದು. ಗಿಡಕ್ಕೆ ಅದರಿಂದ ಮೈ ತೊಳೆದಂತಾಯಿತು, ಅಷ್ಟೆ. ಹದಿನೈದು ದಿನಕ್ಕೆ ಮತ್ತೆ ಹೂ.

ಮರುವರ್ಷ ಮತ್ತೆ ಡಬ್ಬಿ ಹೊತ್ತೆ. ನಮ್ಮ ಆಳೇನೋ ಬದು ಮುಟ್ಟಲಿಲ್ಲ, ಆದರೆ ಅಕ್ಕಪಕ್ಕದವರಿಗೂ ಔಷಧಿ ಮಿಗುತ್ತಿತ್ತು. ಉಳಿದ ಹುಳಗಳು ಮಳೆ ಮುಗಿದೊಡನೆ, ಸರ್ವೀಸ್ ರೂಲಿನಲ್ಲಿ ಬರೆದಂತೆ, ಮಣ್ಣು ಹೊಕ್ಕು ಮಲಗಿದವು. ಕಸಕ್ಕೆ ಅಂಥ ರಜೆಯಿರಲಿಲ್ಲ; ಎರಡನೆಯ ಬೆಳೆಗೆ ಬಿಟ್ಟ ನೀರಿನ ತೇವಕ್ಕೆ ಬೇಸಿಗೆಯಲ್ಲೂ ಚಿಗುರಿತು. ಮೂರು ವರ್ಷ ಹೀಗೆ ಹೋರಾಡಿ ಸೋತೆ. ಅಣ್ಣ ಗದ್ದೆಯನ್ನು ಅದೇ ಆಳಿಗೆ ಪಾಲಿಗೆ ಕೊಟ್ಟು, ಓಣಿಯಲ್ಲಿ ಆ ಕಸ ಅಷ್ಟಾಗಿಲ್ಲದ ಸಿಂಧನೂರಿನ ನಮ್ಮ ಮನೆಗೆ ಬಂದ.

ಸುಗ್ಗಿಗೆ ಪಾಲಿನ ಭತ್ತದ ಚೀಲಗಳು ಬಂದವು. ನನ್ನ ಹೆಂಡತಿ ಬಿಚ್ಚಲು ಹೋದಾಗ ಅಣ್ಣ ಎದ್ದುಬಂದ. "ತಡಿಯವ್ವ, ನಮ್ಮ ಹೊಲದ್ದು, ನಾನೇ ಬಿಚ್ಚತೀನಿ." ಚೀಲದೊಳಗೆ ಮೊಣಕೈವರೆಗೆ ತೋಳು ಇಳಿಸಿ, ಒಂದು ಬೊಗಸೆ ಎತ್ತಿ ಮೂಸಿದ. ಸಂಜೆಯಷ್ಟರಲ್ಲಿ ಕಣ್ಣು ತೆರೆಯಲಾಗದಷ್ಟು ಮುಖ ಬಾತಿತ್ತು. ಕಣದ ಸುತ್ತ ಒಣಗಿ ನಿಂತ ಕಸದ ಪುಡಿ ಕಾಳಿನೊಂದಿಗೆ ಚೀಲ ಸೇರಿತ್ತು.

ಆಮೇಲೆ ನಮ್ಮ ಪಾಲನ್ನು ಅಲ್ಲಿಯೇ ಮಾರಿಸಿ, ಬಜಾರಿನ ಅಕ್ಕಿ ತರತೊಡಗಿದೆವು. ಅನ್ನ ಹೇಗಿದೆ ಎಂದು ಕೇಳಿದರೆ, ಅಣ್ಣ ತಟ್ಟೆಯಿಂದ ಮುಖವೆತ್ತದೆ, "ಬೆಂದೈತಿ," ಎನ್ನುತ್ತಿದ್ದ.